ನಿಜರೂಪವೂ ಆದರ್ಶರೂಪವೂ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಯುವಜನರಿಗೂ ಹೆತ್ತವರಿಗೂ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ಶತಮಾನೋತ್ಸವದ ವೇದಿಕೆಯಿಂದ ನಮ್ಮ ಪೂರ್ವಜರ ವಿಶ್ವಾಸವನ್ನೂ, ಈ ದೇವಾಲಯವನ್ನು ಕಟ್ಟಿದವರ ತ್ಯಾಗವನ್ನೂ ಸ್ಮರಿಸುವುದು ವಾಡಿಕೆ. ಆ ಸ್ಮರಣೆಯನ್ನು ನಮಗಿಂತ ಮೊದಲು ಮಾತನಾಡಿದ ಹಿರಿಯರು ಸಮರ್ಪಕವಾಗಿ ನೆರವೇರಿಸಿದ್ದಾರೆ. ನಮಗೆ ಯುವಜನರು ಒಪ್ಪಿಸಿರುವ ವಿಷಯ ಬೇರೆ. ಅಂತರ್ಜಾಲದಲ್ಲಿ, ಮೊಬೈಲ್ ಫೋನಿನಲ್ಲಿ ಮನುಷ್ಯನು ತನಗೆಂದು ತಾನೇ ರಚಿಸಿಕೊಳ್ಳುವ ‘ಅವತಾರ’ ಎಂಬ ಚಿತ್ರರೂಪವು ಅವನ ನಿಜಸ್ವರೂಪವನ್ನು ತೋರಿಸುತ್ತದೆಯೇ ಅಥವಾ ಅವನು ಆಗಬಯಸುವ ಸ್ವರೂಪವನ್ನೇ ಎಂಬುದು ಅವರ ಪ್ರಶ್ನೆ. ಇದು ಯಂತ್ರಶಾಸ್ತ್ರದ ವಿಷಯ, ಗುರುಗಳಿಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ‘ನಾನು ಯಾರು, ನಾನು ಯಾರಾಗಬೇಕು’ ಎಂಬ ಪ್ರಶ್ನೆ ಆತ್ಮಕ್ಕೆ ಸಂಬಂಧಿಸಿದ್ದು. ಅದು ಪಾಪನಿವೇದನೆಯ ಪೀಠದ ಬಳಿ ದಿನವೂ ಕೇಳಿಬರುವ ಪ್ರಶ್ನೆಯೇ ಆಗಿದೆ.

ನಮ್ಮ ಊರಿನ ಹೆಸರನ್ನೇ ಒಮ್ಮೆ ಯೋಚಿಸೋಣ. ‘ತಾಜ್’ ಎಂದರೆ ಪಾರಸಿ ಭಾಷೆಯಲ್ಲಿ ಕಿರೀಟ. ‘ಸುಲ್ತಾನ’ ಅರಬ್ಬಿ ಭಾಷೆಯ ದೊರೆ. ‘ಪುರ’ ಸಂಸ್ಕೃತದ ಪಟ್ಟಣ. ಹೀಗೆ ಮೂರು ಭಾಷೆಗಳ ರಾಜಪೋಷಾಕನ್ನು ತೊಟ್ಟ ತಾಜಸುಲ್ತಾನಪುರದಲ್ಲಿ ತೊಗರಿ ಬಿತ್ತುವವರೂ, ಕಲಬುರಗಿಗೆ ಕೂಲಿಗೆ ಹೋಗುವವರೂ, ನೌಕರಿ ಮಾಡುವವರೂ ವಾಸಿಸುತ್ತಾರೆ. ಹೆಸರು ಒಂದನ್ನು ಹೇಳುತ್ತದೆ, ಬದುಕು ಇನ್ನೊಂದನ್ನು ಹೇಳುತ್ತದೆ. ಆದರೂ ಊರಿನ ಹೆಸರು ಸುಳ್ಳೆಂದು ಯಾರೂ ದೂರುವುದಿಲ್ಲ. ಹೆಸರಿಗೂ ಬದುಕಿಗೂ ನಡುವೆ ಅಂತರವಿದ್ದ ಮಾತ್ರಕ್ಕೆ ಅದು ವಂಚನೆಯಾಗುವುದಿಲ್ಲ. ಎಲ್ಲಿಂದ ವಂಚನೆ ಆರಂಭವಾಗುತ್ತದೆ ಎಂಬುದೇ ನಾವಿಂದು ವಿಚಾರಿಸಬೇಕಾದ ಸಂಗತಿ.

‘ಅವತಾರ’ ಎಂಬುದು ನಮ್ಮ ದೇಶದ ಪುರಾತನ ಶಬ್ದ. ಮೇಲಿನಿಂದ ಕೆಳಗೆ ಇಳಿದುಬರುವುದು ಎಂಬುದೇ ಅದರ ಮೂಲಾರ್ಥ. ದೇವಪುತ್ರನು ಮನುಷ್ಯನಾದ ರಹಸ್ಯವನ್ನು ಕನ್ನಡದಲ್ಲಿ ವಿವರಿಸುವಾಗ ನಾವೂ ‘ಮನುಷ್ಯಾವತಾರ’ ಎಂದೇ ಹೇಳುತ್ತೇವೆ. ಈ ಶಬ್ದವು ಮುಂದೆ ಗಣಕಯಂತ್ರದ ಲೋಕಕ್ಕೂ ಹೋಯಿತು. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬವರು ಅಮೆರಿಕದಲ್ಲಿ ಹೊರತಂದ ‘ಅಲ್ಟಿಮಾ’ ಮಾಲಿಕೆಯ ನಾಲ್ಕನೆಯ ಆಟದಲ್ಲಿ ಈ ಶಬ್ದವಿತ್ತು. ಆ ಆಟದ ವೈಶಿಷ್ಟ್ಯವನ್ನು ನಮ್ಮ ಯುವಜನರು ಗಮನಿಸಬೇಕು. ಅದರಲ್ಲಿ ರಾಕ್ಷಸನನ್ನು ಕೊಂದವನಿಗೆ ಜಯವಿರಲಿಲ್ಲ. ಪ್ರಾಮಾಣಿಕತೆ, ಕರುಣೆ, ನ್ಯಾಯ, ತ್ಯಾಗ, ನಮ್ರತೆ ಮೊದಲಾದ ಎಂಟು ಸದ್ಗುಣಗಳನ್ನು ರೂಢಿಸಿಕೊಂಡವನು ಮಾತ್ರ ‘ಅವತಾರ’ ಪದವಿಗೆ ಏರುತ್ತಿದ್ದನು. ಅದಾದ ಮರುವರ್ಷ ಲ್ಯೂಕಾಸ್ ಫಿಲ್ಮ್ ಸಂಸ್ಥೆಯವರ ‘ಹ್ಯಾಬಿಟಾಟ್’ ಎಂಬ ಆಟದಲ್ಲಿ, ತೆರೆಯ ಮೇಲೆ ಆಟಗಾರನ ಪರವಾಗಿ ನಡೆದಾಡುವ ಚಿತ್ರದೇಹಕ್ಕೆ ಇದೇ ಹೆಸರಾಯಿತು. 2003ರಲ್ಲಿ ‘ಸೆಕೆಂಡ್ ಲೈಫ್’ ಬಂದಮೇಲೆ, ಇಂಥ ದೇಹವನ್ನು ಧರಿಸಿ ಮನೆ ಕಟ್ಟುವುದು, ವ್ಯಾಪಾರ ಮಾಡುವುದು, ಸ್ನೇಹ ಬೆಳೆಸುವುದು ಎಲ್ಲವೂ ಸಾಧ್ಯವಾಯಿತು. ಸದ್ಗುಣದಿಂದ ಗಳಿಸಬೇಕಾಗಿದ್ದ ಪದವಿಯು ಹೀಗೆ ಕೆಲವೇ ವರ್ಷಗಳಲ್ಲಿ, ಯಾರು ಬೇಕಾದರೂ ಆಯ್ದು ತೊಡಬಹುದಾದ ಉಡುಪಾಗಿ ಮಾರ್ಪಟ್ಟಿತು.

ಈಗ ಅದು ನಮ್ಮ ಅಂಗೈಗೇ ಬಂದಿದೆ. ಫೇಸ್‌ಬುಕ್ಕಿನಲ್ಲಿ 2020ರಲ್ಲಿ ನಮ್ಮ ದೇಶದವರಿಗೆ ಈ ಸೌಲಭ್ಯ ದೊರೆಯಿತು. ವಾಟ್ಸಾಪಿನಲ್ಲಿ 2022ರ ಡಿಸೆಂಬರಿನಲ್ಲಿ ಬಂತು. ಮುಖದ ಆಕಾರ, ಮೂಗು, ಕಣ್ಣು, ಕೂದಲು, ಉಡುಪು, ಮೈಬಣ್ಣ ಒಂದೊಂದನ್ನೂ ಪಟ್ಟಿಯಿಂದ ಆರಿಸಬೇಕು. ಮೈಬಣ್ಣದ ಪಟ್ಟಿಯ ಮುಂದೆ ಕುಳಿತ ನಮ್ಮ ಭಾಗದ ಹುಡುಗಿಯ ಬೆರಳು ತನ್ನ ನಿಜವಾದ ಬಣ್ಣದ ಮೇಲೆ ನಿಲ್ಲುತ್ತದೆಯೋ, ಅದಕ್ಕಿಂತ ಎರಡು ಮೆಟ್ಟಿಲು ಬೆಳ್ಳಗಿನ ಕಡೆಗೆ ಸರಿಯುತ್ತದೆಯೋ? ಕಲಬುರಗಿಯ ಬಿಸಿಲಿನಲ್ಲಿ ದುಡಿದು ಕಪ್ಪಾದ ತಾಯಿಯ ಮಗಳು ಆ ಕ್ಷಣದಲ್ಲಿ ಏನು ಯೋಚಿಸುತ್ತಾಳೆ? 2025ರ ಮಾರ್ಚ್ ತಿಂಗಳಲ್ಲಿ ಜಪಾನಿನ ಘಿಬ್ಲಿ ಚಿತ್ರಶಾಲೆಯ ಶೈಲಿಯಲ್ಲಿ ತಮ್ಮ ಭಾವಚಿತ್ರವನ್ನು ಮಾರ್ಪಡಿಸಿಕೊಳ್ಳುವ ಹವ್ಯಾಸ ಜಗತ್ತನ್ನೆಲ್ಲ ವ್ಯಾಪಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಹಳೆಯ ಚಲನಚಿತ್ರಗಳ ನಾಯಕಿಯಂತೆ ಸೀರೆಯುಟ್ಟು ನಿಂತ ಚಿತ್ರಗಳು ನಮ್ಮ ದೇಶದ ಅಸಂಖ್ಯ ಫೋನುಗಳಲ್ಲಿ ಕಾಣಿಸಿದವು. ನಮ್ಮ ಧರ್ಮಕೇಂದ್ರವೂ ಇದಕ್ಕೆ ಹೊರತಾಗಿರಲಿಲ್ಲ.

ಇದನ್ನು ಕಂಡು ಕಾಲ ಕೆಟ್ಟಿತೆಂದು ನಿಟ್ಟುಸಿರು ಬಿಡುವ ಹಿರಿಯರಿಗೆ ಒಂದು ಮಾತು. ನೀವು ಮದುವೆಯಾದ ಹೊಸದರಲ್ಲಿ ಸ್ಟುಡಿಯೋಕ್ಕೆ ಹೋಗಿ, ಬಣ್ಣದ ಪರದೆಯ ಮೇಲೆ ಬರೆದ ತಾಜಮಹಲಿನ ಮುಂದೆ, ಅಲ್ಲಿಯೇ ಇಟ್ಟಿರುತ್ತಿದ್ದ ಕೋಟನ್ನು ತೊಟ್ಟು ತೆಗೆಸಿಕೊಂಡ ಫೋಟೋ ಇಂದಿಗೂ ನಿಮ್ಮ ಮನೆಯ ಗೋಡೆಯ ಮೇಲಿದೆ. ನಮ್ಮ ಸಾಹಿತಿಗಳೂ ಇನ್ನೊಂದು ಹೆಸರನ್ನು ಧರಿಸಿದರು. ಮಾಸ್ತಿಯವರು ‘ಶ್ರೀನಿವಾಸ’ರಾದರು, ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟುಕೊಂಡು ‘ಅಂಬಿಕಾತನಯದತ್ತ’ರಾದರು. ದಿನನಿತ್ಯದ ಸಂಸಾರಿಯೊಬ್ಬನು ತನ್ನೊಳಗಿನ ಶ್ರೇಷ್ಠವಾದುದಕ್ಕೆ ಕೊಟ್ಟ ಹೆಸರು ಅದು. ಇನ್ನು ನಮ್ಮ ಕಲ್ಯಾಣ ಕರ್ನಾಟಕದ ಹಳ್ಳಿಗಳಿಗೆ ಹಗಲುವೇಷದವರು ಬರುವುದನ್ನು ಹಿರಿಯರೆಲ್ಲರೂ ಕಂಡಿದ್ದೀರಿ. ಹಾರ್ಮೋನಿಯಂ, ತಬಲಗಳೊಡನೆ ಇಂದು ರಾಮನಾಗಿ, ನಾಳೆ ಭೀಮನಾಗಿ ಮನೆಮನೆಯ ಮುಂದೆ ನಿಲ್ಲುವ ಆ ಕಲಾವಿದನು ಸಂಜೆ ಬಣ್ಣ ತೊಳೆದು ತನ್ನ ಮಕ್ಕಳೊಡನೆ ಉಣ್ಣುತ್ತಾನೆ. ಅವನ ವೇಷವು ಹಗಲಿನ ವೇಷ. ಇದು ವೇಷವೆಂದು ಅವನೂ ಬಲ್ಲ, ನೋಡುವವರೂ ಬಲ್ಲರು. ಹೀಗೆ ಬಲ್ಲವರ ನಡುವೆ ವೇಷವು ಕಲೆಯಾಗುತ್ತದೆ. ಒಬ್ಬನು ಬಲ್ಲ, ಇನ್ನೊಬ್ಬನು ಅರಿಯ ಎಂದಾದಾಗ ಅದೇ ವೇಷವು ಬಲೆಯಾಗುತ್ತದೆ.

ಮನಶ್ಶಾಸ್ತ್ರಜ್ಞರು ಈ ವಿಷಯವಾಗಿ ನಡೆಸಿರುವ ವಿಚಾರವೂ ಉಪಯುಕ್ತವಾಗಿದೆ. ಅಮೆರಿಕದ ಟೋರಿ ಹಿಗಿನ್ಸ್ ಎಂಬ ವಿದ್ವಾಂಸರು 1987ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ತನ್ನನ್ನು ಕುರಿತ ಮೂರು ಚಿತ್ರಗಳಿರುತ್ತವೆ: ತಾನು ಇರುವ ಚಿತ್ರ, ತಾನು ಆಗಬಯಸುವ ಚಿತ್ರ, ತಾನು ಆಗಲೇಬೇಕಾದ ಚಿತ್ರ. ಮೊದಲನೆಯದಕ್ಕೂ ಎರಡನೆಯದಕ್ಕೂ ಅಂತರ ಹೆಚ್ಚಾದರೆ ಮನಸ್ಸು ಕುಗ್ಗುತ್ತದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಅಂತರ ಹೆಚ್ಚಾದರೆ ಅಂಜಿಕೆ, ಕಳವಳಗಳು ಹುಟ್ಟುತ್ತವೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನವು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದವರನ್ನು ಪರಿಶೀಲಿಸಿತು. ಆಟಗಾರರು ತಮ್ಮ ಪಾತ್ರಕ್ಕೆ ತಾವು ಇರುವುದಕ್ಕಿಂತ ತಾವು ಆಗಬಯಸುವ ಗುಣಗಳನ್ನೇ ಹೆಚ್ಚಾಗಿ ಆರೋಪಿಸಿದ್ದರು. ಮನಸ್ಸಿನಲ್ಲಿ ನೊಂದವರಲ್ಲಿ ಈ ಪ್ರವೃತ್ತಿ ಇನ್ನೂ ಬಲವಾಗಿತ್ತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ ಎಂಬವರು ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು. ಎತ್ತರದ ಚಿತ್ರದೇಹವನ್ನು ಪಡೆದವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಗಟ್ಟಿಯಾಗಿ ನಿಂತರು. ಸುಂದರ ದೇಹವನ್ನು ಪಡೆದವರು ಎದುರಿಗಿದ್ದವರ ಸಮೀಪಕ್ಕೆ ಹೋಗಿ ನಿಸ್ಸಂಕೋಚವಾಗಿ ಮಾತನಾಡಿದರು. ಅಂದರೆ ನಾವು ವೇಷವನ್ನು ರೂಪಿಸಿದಂತೆಯೇ ವೇಷವೂ ನಮ್ಮನ್ನು ರೂಪಿಸುತ್ತದೆ. ಕನಸಿನ ರೂಪವನ್ನು ನಗುತ್ತ ತಳ್ಳಿಹಾಕಬಾರದು. ಮನುಷ್ಯನಿಗೆ ಎಲ್ಲಿ ನೋವಿದೆ ಎಂಬುದನ್ನು ಅದು ತೋರಿಸಿಕೊಡುತ್ತದೆ.

ಇದಕ್ಕೆ ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ತರುಣನ ಬಾಳು ಸಾಕ್ಷಿಯಾಗಿದೆ. ಸ್ನಾಯುಗಳು ಕ್ರಮೇಣ ಶಕ್ತಿಗುಂದುವ ರೋಗದಿಂದ ಬಾಲ್ಯದಲ್ಲಿಯೇ ಗಾಲಿಕುರ್ಚಿಗೆ ಸೇರಿದ ಆತನು 2014ರಲ್ಲಿ, 25ರ ಪ್ರಾಯದಲ್ಲಿ ತೀರಿಕೊಂಡನು. ಮಗನು ಸ್ನೇಹಿತರಿಲ್ಲದೆ ಬಾಳಿ ಹೋದನಲ್ಲ ಎಂಬುದು ಹೆತ್ತವರ ಸಂಕಟವಾಗಿತ್ತು. ಆದರೆ ಮರಣವಾರ್ತೆ ಅಂತರ್ಜಾಲದಲ್ಲಿ ಪ್ರಕಟವಾದೊಡನೆ ಯೂರೋಪಿನ ನಾನಾ ಕಡೆಗಳಿಂದ ಸಂತಾಪದ ಪತ್ರಗಳು ಬಂದವು. ಆಟದ ಲೋಕದಲ್ಲಿ ಆತನು ‘ಇಬೆಲಿನ್’ ಎಂಬ ದೃಢಕಾಯನಾದ ವೀರನಾಗಿದ್ದನು. ದುಃಖದಲ್ಲಿದ್ದವರ ಮಾತನ್ನು ಕೇಳುತ್ತಿದ್ದನು, ಧೈರ್ಯ ಹೇಳುತ್ತಿದ್ದನು. ಅಲ್ಲಿನ ಗೆಳೆಯರಲ್ಲಿ ಕೆಲವರು ದೂರದಿಂದ ಬಂದು ಅಂತ್ಯಕ್ರಿಯೆಯಲ್ಲಿ ಪಾಲ್ಗೊಂಡರು. ಆತನ ಕಥೆ 2024ರಲ್ಲಿ ಸಾಕ್ಷ್ಯಚಿತ್ರವಾಗಿ ಹೊರಬಂದಿದೆ. ಓಡಾಡುವ ಕಾಲುಗಳು ಮಾತ್ರ ಕಲ್ಪನೆಯವು. ಪರರ ದುಃಖಕ್ಕೆ ಮಿಡಿದ ಹೃದಯವು ನಿಜವಾದದ್ದು. ಆದ್ದರಿಂದ ಮುಖವಾಡವೆಲ್ಲವೂ ಸುಳ್ಳೆಂದು ತೀರ್ಪು ಕೊಡಲು ನಾವು ಆತುರಪಡಬಾರದು. ನಮ್ಮ ನಾಡಿನಲ್ಲಿಯೂ, ಹೆಸರಿನ ಕೊನೆಯ ಭಾಗವನ್ನು ಕೇಳಿ ಜಾತಿಯನ್ನು ಅಳೆಯುವ ಜನರಿಗೆ ಅಂಜಿ ಆ ಭಾಗವನ್ನು ಬಿಟ್ಟುಬಿಡುವ ತರುಣರಿದ್ದಾರೆ. ದುಷ್ಟರ ಕಣ್ಣಿಗೆ ಬೀಳದಿರಲೆಂದು ತನ್ನ ಚಿತ್ರದ ಬದಲು ಹೂವಿನ ಚಿತ್ರವನ್ನಿಡುವ ಹೆಣ್ಣುಮಕ್ಕಳಿದ್ದಾರೆ. ಅಲ್ಲಿ ತಿದ್ದಿಕೊಳ್ಳಬೇಕಾದವರು ಮುಖ ಮರೆಸಿದವರಲ್ಲ, ಮರೆಸುವಂತೆ ಮಾಡಿದವರು.

ಇನ್ನು ಕೇಡಿನ ಮುಖವನ್ನು ನೋಡೋಣ. ನಮಗೆ ಪರಿಚಿತವಾದ ಒಂದು ಕುಟುಂಬದ ಹುಡುಗ ಕೆಲಸ ಹುಡುಕುತ್ತ ಬೆಂಗಳೂರಿಗೆ ಹೋದನು. ಅವನ ಸ್ಟೇಟಸ್ಸಿನಲ್ಲಿ ಹೊಸ ಮೋಟಾರ್ ಸೈಕಲ್ಲು, ತಂಪು ಕನ್ನಡಕ, ದೊಡ್ಡ ಕಟ್ಟಡದ ಮುಂದೆ ನಿಂತ ಚಿತ್ರಗಳು ಬರುತ್ತಿದ್ದವು. ವಾಸ್ತವದಲ್ಲಿ ಅವನು ಆ ಕಟ್ಟಡದ ರಾತ್ರಿ ಕಾವಲುಗಾರ, ಒಂದೇ ಕೋಣೆಯಲ್ಲಿ ಆರು ಮಂದಿಯೊಡನೆ ವಾಸ, ವಾಹನ ಇನ್ನಾರದೋ. ಎರಡು ವರ್ಷ ಕ್ರಿಸ್ಮಸ್ಸಿಗೂ ಅವನು ಊರಿಗೆ ಬರಲಿಲ್ಲ. ಚಿತ್ರದಲ್ಲಿ ತೋರಿಸಿದ ಮನುಷ್ಯನಾಗಿ ಬಸ್ಸಿನಿಂದ ಇಳಿಯಲು ಅವನಿಂದಾಗುತ್ತಿರಲಿಲ್ಲ. ಇದ್ದ ಹಾಗೆ ಇಳಿಯಲು ನಾಚಿಕೆ. ಅವನ ತಾಯಿ ನಮ್ಮ ಬಳಿ, “ಫಾದರ್, ನನ್ ಮಗ ಫೋಟೋದಾಗ ಬರ್ತಾನ್ರೀ, ಮನಿಗಿ ಬರವಲ್ಲ” ಎಂದು ಅತ್ತಳು. ವಿಷಯ ತಿಳಿದಮೇಲೆ ಆ ತಾಯಿ ಫೋನಿನಲ್ಲಿ ಹೇಳಿದ ಮಾತು ಇಷ್ಟೇ: “ಹ್ಯಾಂಗ ಅದಿ ಹಂಗೇ ಬಾ ಮಗಾ.” ಅವನು ಮುಂದಿನ ಪುನರುತ್ಥಾನದ ಹಬ್ಬಕ್ಕೆ ಬಂದನು. ಆ ಚಿತ್ರಗಳಿಂದ ಅವನು ಯಾರ ಹಣವನ್ನೂ ಅಪಹರಿಸಿರಲಿಲ್ಲ. ಎರಡು ವರ್ಷಗಳ ಕಾಲ ತಾಯಿಯಿಂದ ಮಗನನ್ನು ಅಪಹರಿಸಿದ್ದನು. ಆದರ್ಶರೂಪವು ನಿಜರೂಪಕ್ಕೆ ದಾರಿ ತೋರುವ ಬದಲು ಅದನ್ನು ಮನೆಯಿಂದ ಹೊರಗಟ್ಟಿದಾಗ ಆಗುವ ಹಾನಿ ಇದು.

ವಿವಾಹದ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಫೋನಿನಲ್ಲಿ ಬಂದ ಚಿತ್ರವನ್ನೂ ವಿವರವನ್ನೂ ನೋಡಿ ಮಾತುಕತೆ ಮುಂದುವರಿಯುವ ಕಾಲವಿದು. ಚಿತ್ರದಲ್ಲಿ ಮುಖ ಕೊಂಚ ಬೆಳ್ಳಗಾದರೆ ಆಕಾಶವೇನೂ ಬೀಳುವುದಿಲ್ಲ. ಆದರೆ ವಿದ್ಯೆ, ಉದ್ಯೋಗ, ಆರೋಗ್ಯ, ಹಿಂದಿನ ವಿವಾಹ ಇವುಗಳನ್ನು ಮುಚ್ಚಿಟ್ಟು ಹೊಸದೊಂದು ರೂಪವನ್ನು ತೋರಿಸಿದರೆ? 1983ರ ಧರ್ಮಸಭಾ ಕಾನೂನು ಸಂಹಿತೆಯ 1098ನೆಯ ವಿಧಿಯ ಪ್ರಕಾರ, ದಾಂಪತ್ಯ ಜೀವನವನ್ನು ಸ್ವಭಾವತಃ ಗಂಭೀರವಾಗಿ ಕದಡಬಲ್ಲ ಗುಣವಿಶೇಷದ ವಿಷಯದಲ್ಲಿ, ಒಪ್ಪಿಗೆ ಪಡೆಯುವುದಕ್ಕಾಗಿಯೇ ಮಾಡಿದ ಮೋಸಕ್ಕೆ ಒಳಗಾಗಿ ವಿವಾಹವಾದರೆ ಆ ವಿವಾಹವು ಸಿಂಧುವಾಗುವುದಿಲ್ಲ. ಹೆತ್ತವರು ಇದನ್ನು ನೆನಪಿನಲ್ಲಿಡಬೇಕು. ಪವಿತ್ರ ಗ್ರಂಥದಲ್ಲಿ ಯಕೋಬನು ಅಣ್ಣನ ಉಡುಪನ್ನು ತೊಟ್ಟು, ಕೈಗೆ ಆಡಿನ ಮರಿಯ ಚರ್ಮವನ್ನು ಸುತ್ತಿಕೊಂಡು ಕುರುಡನಾದ ತಂದೆಯಿಂದ ಆಶೀರ್ವಾದವನ್ನು ಪಡೆದನು. ಆಶೀರ್ವಾದವೇನೋ ದೊರೆಯಿತು, ಆದರೆ ಅದರೊಡನೆ ಅವನು ಮನೆಯನ್ನು ಬಿಟ್ಟು ಓಡಬೇಕಾಯಿತು.

ನಮ್ಮ ರಾಜ್ಯದ ಗಡಿಗೆ ಹೊಂದಿರುವ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ 2022ರ ಫೆಬ್ರವರಿಯಲ್ಲಿ ನಡೆದ ಒಂದು ವಿವಾಹವು ಪತ್ರಿಕೆಗಳ ಗಮನ ಸೆಳೆಯಿತು. ಮದುವೆ ನಡೆದದ್ದು ಹಳ್ಳಿಯಲ್ಲಿಯೇ, ಬಂಧುಗಳ ಸಮ್ಮುಖದಲ್ಲಿ. ಆದರೆ ಆರತಕ್ಷತೆಯನ್ನು ಅಂತರ್ಜಾಲದ ಕಲ್ಪಿತ ಲೋಕದಲ್ಲಿ ಏರ್ಪಡಿಸಿದ್ದರು. ಅತಿಥಿಗಳು ಚಿತ್ರದೇಹಗಳನ್ನು ಧರಿಸಿ ಬಂದರು. ಅವರ ನಡುವೆ, ಹಿಂದಿನ ವರ್ಷ ತೀರಿಕೊಂಡಿದ್ದ ವಧುವಿನ ತಂದೆಯ ಚಿತ್ರದೇಹವೂ ವಧೂವರರನ್ನು ಹರಸಲು ನಿಂತಿತ್ತು. ಆ ಮಗಳ ಕಣ್ಣೀರಿಗೆ ನಾವು ನಗಲಾರೆವು. ಸತ್ತವರು ನಮ್ಮಿಂದ ಪೂರ್ಣವಾಗಿ ಅಗಲಿಲ್ಲವೆಂಬ ವಿಶ್ವಾಸದಿಂದಲೇ ನಾವೂ ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತೇವೆ. ಆದರೆ ನೆನೆಯುವುದು ಬೇರೆ, ಮೃತರ ಬಾಯಲ್ಲಿ ನಮಗೆ ಬೇಕಾದ ಮಾತನ್ನು ಆಡಿಸುವುದು ಬೇರೆ. ಜೀವಂತ ತಂದೆ ಹರಸುವಂತೆಯೇ ಗದರಿಸಲೂ ಬಲ್ಲನು. ನಮ್ಮ ಇಚ್ಛೆಯಂತೆ ಮಾತ್ರ ಆಡುವ ರೂಪವು ನಮ್ಮದೇ ಇಚ್ಛೆಯ ಪ್ರತಿಧ್ವನಿ.

ಈಗ ಎರಡು ಪುರಾತನ ಶಬ್ದಗಳನ್ನು ನಿಮ್ಮ ಮುಂದಿಡುತ್ತೇವೆ. ಲತೀನ್ ಭಾಷೆಯ ‘ಪೆರ್ಸೋನಾ’ ಎಂಬ ಶಬ್ದಕ್ಕೆ ನಾಟಕದ ಮುಖವಾಡ ಎಂಬ ಅರ್ಥವಿತ್ತು. ಮುಂದೆ ಅದೇ ಶಬ್ದದಿಂದ ಧರ್ಮಸಭೆಯ ಪಂಡಿತರು ತ್ರಿಯೇಕ ದೇವರ ಮೂವರು ವ್ಯಕ್ತಿಗಳನ್ನು ಸೂಚಿಸಿದರು. ‘ವ್ಯಕ್ತಿ’ ಎಂಬ ಉನ್ನತ ಅರ್ಥ ಅದಕ್ಕೆ ಬಂತು. ಎರಡನೆಯದು ಗ್ರೀಕ್ ಭಾಷೆಯ ‘ಹುಪೊಕ್ರಿತೇಸ್’. ರಂಗದ ಮೇಲಿನ ನಟನಿಗೆ ಆ ಹೆಸರು. ಜನರು ನೋಡಲೆಂದು ಬೀದಿಯ ಮೂಲೆಯಲ್ಲಿ ಪ್ರಾರ್ಥಿಸುವವರನ್ನೂ, ಉಪವಾಸವು ಕಾಣಲೆಂದು ಮುಖವನ್ನು ಬಾಡಿಸಿಕೊಳ್ಳುವವರನ್ನೂ ಪ್ರಭು ಯೇಸು ಕರೆದದ್ದು ಈ ಹೆಸರಿನಿಂದ. ನಾವು ಕನ್ನಡದಲ್ಲಿ ‘ಕಪಟಿಗಳು’ ಎನ್ನುತ್ತೇವೆ. ಮುಖವಾಡದಿಂದ ಹೊರಟ ಒಂದು ಶಬ್ದವು ವ್ಯಕ್ತಿಯವರೆಗೆ ಏರಿತು. ನಟನಿಂದ ಹೊರಟ ಇನ್ನೊಂದು ಶಬ್ದವು ಕಪಟಿಯವರೆಗೆ ಇಳಿಯಿತು. ನಮ್ಮ ಚಿತ್ರರೂಪಗಳ ಮುಂದೆಯೂ ಈ ಎರಡು ದಾರಿಗಳಿವೆ.

ಅವತಾರದ ಮೂಲಾರ್ಥಕ್ಕೆ ಮರಳೋಣ. ನಮ್ಮ ಚಿತ್ರರೂಪಗಳು ನಮ್ಮನ್ನು ಇರುವಲ್ಲಿಂದ ಮೇಲಕ್ಕೆ ಎತ್ತಿ ತೋರಿಸುತ್ತವೆ. ಅವುಗಳಿಗೆ ಬೆವರಿಲ್ಲ, ವಯಸ್ಸಿಲ್ಲ, ಗಾಯದ ಕಲೆಯಿಲ್ಲ. ದೇವಪುತ್ರನಾದರೋ ಮೇಲಿನಿಂದ ಇಳಿದುಬಂದನು. ಹಸಿವು, ಬಾಯಾರಿಕೆ, ಆಯಾಸ, ಬಡಗಿಯ ಮನೆಯ ದುಡಿಮೆ ಇವೆಲ್ಲವನ್ನೂ ತನ್ನದಾಗಿಸಿಕೊಂಡನು. ಮಹಿಮೆಯಿಂದ ಪುನರುತ್ಥಾನ ಹೊಂದಿದ ಮೇಲೂ ತನ್ನ ಮೈಮೇಲಿನ ಗಾಯಗಳನ್ನು ಅಳಿಸಿಕೊಳ್ಳಲಿಲ್ಲ. ಸಂತ ತೋಮನಿಗೆ ಅವುಗಳನ್ನೇ ಗುರುತಾಗಿ ತೋರಿಸಿದನು. ಪರಿಪೂರ್ಣವಾದ ರೂಪದಲ್ಲಿಯೂ ಗಾಯಕ್ಕೆ ಸ್ಥಳವಿದೆ ಎಂದ ಮೇಲೆ, ನಮ್ಮ ಕಪ್ಪು ಬಣ್ಣವನ್ನೂ, ಒರಟಾದ ಕೈಗಳನ್ನೂ, ಬಡತನದ ಮನೆಯನ್ನೂ ಮರೆಮಾಡಲು ನಾವೇಕೆ ಹೆಣಗಬೇಕು?

ಧರ್ಮಸಭೆಯು ಈ ಸಾಧನಗಳನ್ನು ಶಪಿಸಿಲ್ಲ. 2011ರ ಸಂಪರ್ಕ ಮಾಧ್ಯಮಗಳ ದಿನದ ಸಂದೇಶದಲ್ಲಿ ಜಗದ್ಗುರು 16ನೆಯ ಬೆನೆಡಿಕ್ಟರು ಅವುಗಳ ಉಪಯೋಗವನ್ನು ಒಪ್ಪಿಕೊಂಡು, ತನ್ನ ಬಗ್ಗೆ ಕೃತಕವಾದ ಸಾರ್ವಜನಿಕ ರೂಪವನ್ನು ಕಟ್ಟಿಕೊಳ್ಳುವ ಅಪಾಯವನ್ನು ಎಚ್ಚರಿಸಿದರು. ಅದಕ್ಕೆ ಮುಂಚೆಯೇ, 2002ರಲ್ಲಿ, ರೋಮಿನ ಸಂಪರ್ಕ ಮಾಧ್ಯಮಗಳ ಮಂಡಳಿಯು ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲವೆಂದು ಸ್ಪಷ್ಟಪಡಿಸಿತ್ತು. ಇದರ ಅರ್ಥ ನಮಗೆ 2020ರಲ್ಲಿ ಅನುಭವಕ್ಕೆ ಬಂತು. ಕೋವಿಡ್ ರೋಗದಿಂದ ನಮ್ಮ ದೇಶದಲ್ಲಿ ಸಂಭವಿಸಿದ ಮೊದಲ ಸಾವು ಆ ವರ್ಷದ ಮಾರ್ಚಿನಲ್ಲಿ, ನಮ್ಮ ಕಲಬುರಗಿಯವರದೇ. ದೇವಾಲಯದ ಬಾಗಿಲು ಮುಚ್ಚಿತು. ಬಲಿಪೂಜೆಯನ್ನು ಫೋನಿನಲ್ಲಿ ನೋಡಿದಿರಿ. ಪ್ರಾರ್ಥನೆಗೆ ಅದು ನೆರವಾಯಿತು. ಪರಮಪ್ರಸಾದಕ್ಕಾಗಿ ಮಾತ್ರ ನೀವು ಬಾಯಿ ತೆರೆದು ಕಾದಿರಿ. ಬಾಗಿಲು ತೆರೆದ ದಿನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದವರನ್ನು ಕಣ್ಣುಗಳಿಂದಲೇ ಗುರುತಿಸಿದೆವು.

ಯುವಜನರಿಗೆ 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಕಾರ್ಲೊ ಅಕುಟಿಸರು ಮಾದರಿಯಾಗಿದ್ದಾರೆ. 1991ರಲ್ಲಿ ಹುಟ್ಟಿ 2006ರಲ್ಲಿ, 15ರ ಪ್ರಾಯದಲ್ಲಿ ತೀರಿಕೊಂಡ ಈ ಬಾಲಕನು ಗಣಕಯಂತ್ರದಲ್ಲಿ ಪ್ರವೀಣನಾಗಿದ್ದನು. ಆ ವಿದ್ಯೆಯನ್ನು ಪರಮಪ್ರಸಾದದ ಅದ್ಭುತಗಳ ವಿವರಗಳನ್ನು ಸಂಗ್ರಹಿಸಿ ಪ್ರಕಟಿಸಲು ಬಳಸಿದನು. ಆಟದ ಯಂತ್ರಕ್ಕೆ ವಾರಕ್ಕೆ ಒಂದು ತಾಸು ಎಂದು ತಾನೇ ಮಿತಿ ಹಾಕಿಕೊಂಡಿದ್ದನೆಂದು ಅವನ ಜೀವನಚರಿತ್ರೆಯಿಂದ ತಿಳಿದುಬರುತ್ತದೆ. ಬೇರೊಬ್ಬರ ಪ್ರತಿಯಾಗದೆ ತಾನಾಗಿಯೇ ಬಾಳಬೇಕೆಂಬುದು ಅವನ ಹಂಬಲವಾಗಿತ್ತು.

ಕೊನೆಯದಾಗಿ ಕೆಲವು ಹಿತವಚನಗಳು. ಯುವಜನರೇ, ನಿಮ್ಮ ಚಿತ್ರರೂಪವನ್ನು ಅಳಿಸಬೇಕೆಂದು ನಾವು ಹೇಳುವುದಿಲ್ಲ. ಅದನ್ನು ಎದುರಿಗಿಟ್ಟುಕೊಂಡು, ಇದರಲ್ಲಿ ನನ್ನಲ್ಲಿಲ್ಲದ ಯಾವ ಗುಣವಿದೆ, ಅದನ್ನು ದುಡಿದು ಗಳಿಸಬಹುದೇ ಎಂದು ಕೇಳಿಕೊಳ್ಳಿರಿ. ಧೈರ್ಯ, ಆರೋಗ್ಯ, ವಿದ್ಯೆ, ಸ್ನೇಹ ಇವು ಗಳಿಸಬಹುದಾದವು; ಅವುಗಳ ಕಡೆಗೆ ಒಂದೊಂದು ಹೆಜ್ಜೆ ಇಡಿರಿ. ಬೇರೆ ಬಣ್ಣ, ಬೇರೆ ಹೆತ್ತವರು, ಬೇರೆ ಊರು ಬೇಕೆಂಬ ಆಸೆಯಿದ್ದರೆ, ಆ ನೋವನ್ನು ಯಂತ್ರಕ್ಕೆ ಹೇಳುವ ಬದಲು ಒಬ್ಬ ಮನುಷ್ಯನಿಗೆ ಹೇಳಿರಿ. ಹೆತ್ತವರೇ, ಮಕ್ಕಳ ಫೋನನ್ನು ಕಸಿದುಕೊಳ್ಳುವ ಮೊದಲು, ಪಕ್ಕದ ಮನೆಯ ಮಗನೊಡನೆ ಅವರನ್ನು ಹೋಲಿಸುವುದನ್ನು ಬಿಡಿರಿ. ಮನೆಯಲ್ಲಿ ಇದ್ದ ಹಾಗೆ ಇರಲು ಸ್ಥಳವಿದ್ದ ಮಗುವಿಗೆ ಹೊರಗೆ ವೇಷ ತೊಡುವ ಅವಸರವಿರುವುದಿಲ್ಲ. ಹಿರಿಯರೇ, ಒಬ್ಬರ ಚಿತ್ರವನ್ನು ನೋಡಿ ಅವರು ಸುಖವಾಗಿದ್ದಾರೆಂದು ಭಾವಿಸಿ ಸುಮ್ಮನಾಗಬೇಡಿರಿ. ಬಾಗಿಲು ತಟ್ಟಿ ವಿಚಾರಿಸಿರಿ.

ಈ ದೇವಾಲಯದ ಸ್ನಾನದೀಕ್ಷೆಯ ದಾಖಲೆ ಪುಸ್ತಕಗಳಲ್ಲಿ ಯಾರ ಭಾವಚಿತ್ರವೂ ಇಲ್ಲ. ಹೆಸರು, ಹೆತ್ತವರ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ದಿನಾಂಕ, ಅಷ್ಟೇ. ಅಲ್ಲಿ ಯಾರೂ ತಮ್ಮನ್ನು ತಾವೇ ರಚಿಸಿಕೊಂಡಿಲ್ಲ. ಬೇರೆಯವರು ಎತ್ತಿಕೊಂಡು ಬಂದು, ಪ್ರೀತಿಯಿಂದ ಹೆಸರಿಟ್ಟು ಬರೆಸಿದ್ದಾರೆ. ಆ ಹೆಸರಾದರೂ ಎಂಥದು? ಅಂತೋಣಿ, ತೆರೇಸ, ಫ್ರಾನ್ಸಿಸ್, ಮರಿಯ. ಇನ್ನೂ ಕಣ್ಣು ತೆರೆಯಲಾರದ ಕೂಸಿಗೆ ಒಬ್ಬ ಸಂತರ ಹೆಸರನ್ನು ತೊಡಿಸಿ, ಬಾಳೆಲ್ಲ ಅದಕ್ಕೆ ತಕ್ಕಂತೆ ಬೆಳೆಯಲೆಂದು ಧರ್ಮಸಭೆ ಹಾರೈಸುತ್ತದೆ. ನಮಗೆಲ್ಲರಿಗೂ ದೊರೆತಿರುವ ಮೊದಲ ಆದರ್ಶರೂಪ ಅದು. ನಿಜರೂಪಕ್ಕೂ ಅದಕ್ಕೂ ಇರುವ ಅಂತರವೇ ನಾವು ನಡೆಯಬೇಕಾದ ಹಾದಿ. ಆ ಹಾದಿಯಲ್ಲಿ ನಡೆಯುವ ಬಲವನ್ನು ಕರುಣಾಳು ದೇವರು ಈ ಧರ್ಮಕೇಂದ್ರದ ಪ್ರತಿಯೊಂದು ಕುಟುಂಬಕ್ಕೂ ದಯಪಾಲಿಸಲೆಂದು ಪ್ರಾರ್ಥಿಸುತ್ತೇವೆ.